ಇಂಗ್ಲೆಂಡಿನ ಹಳ್ಳಿಗೆ ಕಾಶಿ ರಾಜ ಕೊಟ್ಟ ಬಾವಿ

ಈ ಬೇಸಿಗೆಯಲ್ಲಿ ಇಂಗ್ಲೆಂಡಿನ ಫ್ರೆಂಡ್ಸ್ ಮನೆಗೆ ಹೊರಟಿದ್ದೀರಾ? ಅವರು ರೀಡಿಂಗ್ ಕಡೆ ಇದ್ರೆ ವಿಂಡ್ಸರ್ ಅರಮನೆ, ಸ್ಟೋನ್‌ಹೆಂಜ್ ಹೇಗೂ ತೋರಿಸ್ತಾರೆ. ಸ್ಟೋಕ್ ರೋ ಅನ್ನೋ ಹಳ್ಳಿಗೂ ಕರ್ಕೊಂಡು ಹೋಗಿ ಅಂತ ನೀವೇ ಕೇಳಿ.

ಆಕ್ಸ್‌ಫರ್ಡ್‌ಶೈರ್‌ನ ಆ ಪುಟ್ಟ ಊರಿನ ರಸ್ತೆ ಬದಿಯಲ್ಲಿ ಒಂದು ಬಾವಿ ಇದೆ. ಮೇಲೆ ಗುಮ್ಮಟ, ಅದರ ಕೆಳಗೆ ಬಂಗಾರ ಬಣ್ಣದ ಆನೆ. ಕೊಟ್ಟವರು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗ್!

ಅಲ್ಲಿನ ಚಿಲ್ಟರ್ನ್ ಗುಡ್ಡಗಳದ್ದು ಸೀಮೆಸುಣ್ಣದ ಕಲ್ಲು. ಮಳೆ ನೀರು ಮೇಲೆ ನಿಲ್ಲಲ್ಲ, ಸೀದಾ ಆಳಕ್ಕೆ ಇಳಿಯುತ್ತೆ. ಮನೆಯಲ್ಲಿ ಉಳಿದಿದ್ದ ಕೊನೇ ನೀರು ಕುಡಿದುಬಿಟ್ಟ ಅಂತ ಒಬ್ಬ ಹುಡುಗ ಏಟು ತಿಂದಿದ್ದನಂತೆ. ಆ ಕಥೆಯನ್ನು ರಾಜನಿಗೆ ಹೇಳಿದ್ದು ಅದೇ ಸೀಮೆಯಿಂದ ಭಾರತಕ್ಕೆ ಬಂದಿದ್ದ ಅಧಿಕಾರಿ ಎಡ್ವರ್ಡ್ ರೀಡ್.

ರಾಜ ಹಣ ಕೊಟ್ಟರು. ಕೆಲಸಗಾರರು ಕೈಯಲ್ಲೇ 368 ಅಡಿ ತೋಡಿದರು. 1864ರಲ್ಲಿ ಬಾವಿ ಊರಿಗೆ ಸಿಕ್ಕಿತು. ನೀರು ಪುಕ್ಕಟೆ, ನಿರ್ವಹಣೆ ಖರ್ಚಿಗೆ ಅಂತ ಪಕ್ಕದಲ್ಲೇ ಚೆರ್ರಿ ತೋಟ.

1857ರಲ್ಲಿ ಈ ರಾಜ ಬ್ರಿಟಿಷರ ಪರ ನಿಂತಿದ್ದರು, ಅದನ್ನೂ ಮರೀಬೇಡಿ. ಆದ್ರೆ ಒಂದು ವ್ಯತ್ಯಾಸ ನೋಡಿ. ಭಾರತದಲ್ಲಿ ಮಾಡಿದ ದುಡ್ಡಿನಿಂದ ಎದ್ದ ಬಂಗಲೆಗಳು ಇಂಗ್ಲೆಂಡಿನ ಹಳ್ಳಿಗಾಡಲ್ಲಿ ಬೇಕಾದಷ್ಟಿವೆ. ಅವು ಒಂದೊಂದು ಮನೆತನದ ಆಸ್ತಿಯಾದವು. ಈ ಬಾವಿ ಮಾತ್ರ ಬಕೆಟ್ ಹಿಡಿದು ಬಂದ ಎಲ್ಲರದ್ದೂ ಆಯ್ತು.

ಅರಮನೆಗೆ ಟಿಕೆಟ್ ಬೇಕು. ಇದಕ್ಕೆ ಇವತ್ತಿಗೂ ಬೇಡ.