ಬೊಜ್ಜಿಗೂ ವಿಮೆ ಬೇಕೆ?

(ಚೆನ್ನೈನಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಕದ ಕೋಣೆಯಿಂದ ಹೋಳಿಗೆಯ ಪರಿಮಳ ತೇಲಿಬರುತ್ತಿರುವ ಹೊತ್ತಿನಲ್ಲಿ ಬೊಜ್ಜಿನ ವಿಚಾರ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಅವರ ವಿನೋದಪ್ರಿಯತೆಗೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ತರುಣ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಇದಕ್ಕೆ ಮೂಲ: “ಸಾರ್, ಆಸ್ಪತ್ರೆ ಸೇರಿದರೆ ವಿಮೆಯವರು ಹಣ ಕೊಡುತ್ತಾರೆ. ಆಸ್ಪತ್ರೆ ಸೇರದ ಹಾಗೆ ತೂಕ ಇಳಿಸಿಕೊಳ್ಳುತ್ತೇನೆಂದರೆ ಏಕೆ ಕೊಡುವುದಿಲ್ಲ?” ವಿಮಾ ಕಚೇರಿಯ ಕ್ಲೇಮು ಕಾಗದಗಳ ನಡುವೆ ತಲೆ ನರೆಸಿಕೊಂಡ ನನಗೆ ಇದಕ್ಕೆ ನಿಯಮವೇನೋ ಗೊತ್ತಿತ್ತು. ನ್ಯಾಯ ಯಾವುದೆಂದು ಅಂದು ಹೇಳಲಾಗಲಿಲ್ಲ.

ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಪಾಲಿಸಿ ಬಂದದ್ದು 1986ರಲ್ಲಿ. ಅದನ್ನು ಕಟ್ಟಿದ್ದು ಆಸ್ಪತ್ರೆಯ ಹಾಸಿಗೆಯ ಸುತ್ತ. ರೋಗಿಯು 24 ಗಂಟೆಯಾದರೂ ಒಳಗೆ ಮಲಗಿರಬೇಕು. ನಡೆದು ಬಂದು, ಸಲಹೆ ಪಡೆದು, ನಡೆದು ಹೋದವನಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆಮೇಲೆ ಎಷ್ಟೋ ತಿದ್ದುಪಡಿಗಳಾದವು, ಬುನಾದಿ ಮಾತ್ರ ಬಹುಮಟ್ಟಿಗೆ ಅದೇ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಷರತ್ತುಗಳನ್ನು ಬರೆದುಕೊಟ್ಟಿತು. ಬೊಜ್ಜಿಗೂ ಅಲ್ಲೊಂದು ಷರತ್ತುಂಟು. ಅದರ ಪ್ರಕಾರ ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆಗೆ ಹಣ ದೊರೆಯಬೇಕಾದರೆ ಬಿ.ಎಂ.ಐ. 40 ಮುಟ್ಟಿರಬೇಕು, ಇಲ್ಲವೆ 35 ಮುಟ್ಟಿ, ಜೊತೆಗೆ ಹೃದ್ರೋಗವೋ ಹತೋಟಿಗೆ ಬಾರದ ಮಧುಮೇಹವೋ ಅಂಥ ಇನ್ನೊಂದು ತೀವ್ರವಾದ ತೊಂದರೆಯೋ ಇರಬೇಕು.

ಇದನ್ನು ಕಿಲೋಗಳಲ್ಲಿ ಹೇಳುತ್ತೇನೆ. ಐದು ಅಡಿ ಐದು ಅಂಗುಲ ಎತ್ತರದ ಒಬ್ಬ ಗೃಹಸ್ಥನನ್ನು ತೆಗೆದುಕೊಳ್ಳಿ. ಅವನು 68 ಕಿಲೋ ದಾಟಿದರೆ ಬಿ.ಎಂ.ಐ. 25 ಆಯಿತು, ಭಾರತೀಯರ ಮೈಕಟ್ಟಿಗೆ ಅದೇ ಬೊಜ್ಜಿನ ಗೆರೆಯೆಂದು ನಮ್ಮ ವೈದ್ಯರು 2009ರಲ್ಲೇ ಹೇಳಿದ್ದಾರೆ. 35 ಆಗಬೇಕಾದರೆ ಅವನು 95 ಕಿಲೋ ತೂಗಬೇಕು, 40 ಆಗಬೇಕಾದರೆ 109. ಅಂದರೆ 68ರಿಂದ 95ಕ್ಕೆ ಏರುವವರೆಗೆ ವಿಮೆ ಸುಮ್ಮನೆ ನೋಡುತ್ತ ಕೂತಿರುತ್ತದೆ. ಇನ್ನೂ ಒಂದು ಸ್ವಾರಸ್ಯ ಕೇಳಿ. 35ರವನು ಶಸ್ತ್ರಚಿಕಿತ್ಸೆಗೆ ಬರುವ ಮೊದಲು ಸೌಮ್ಯವಾದ ಉಪಾಯಗಳನ್ನು ಮಾಡಿ ಸೋತಿರಬೇಕೆಂದು ಅದೇ ಷರತ್ತು ಹೇಳುತ್ತದೆ. ಆ ಸೌಮ್ಯವಾದ ಉಪಾಯಗಳಿಗೆ ಮಾತ್ರ ಸಾಮಾನ್ಯ ಪಾಲಿಸಿಯಲ್ಲಿ ಕಾಸಿಲ್ಲ!

ನನ್ನ ಮೇಜಿಗೆ ಒಮ್ಮೆ ಬಂದ ಒಂದು ಕ್ಲೇಮು ಈಗಲೂ ನೆನಪಿದೆ. ಅರ್ಜಿದಾರರು ನಮ್ಮ ಕಡೆಯವರೇ, ಬ್ಯಾಂಕಿನ ನೌಕರರು. ವೈದ್ಯರ ಚೀಟಿಯೊಡನೆ ಆರು ತಿಂಗಳ ಪಥ್ಯದ ಸಲಹೆಯ ಬಿಲ್ಲು ಕಳಿಸಿದ್ದರು. ಕೆಲವೇ ಸಾವಿರ ರೂಪಾಯಿ. ನಿಯಮದಲ್ಲಿಲ್ಲವೆಂದು ತಿರಸ್ಕಾರ ಪತ್ರಕ್ಕೆ ನಾನೇ ಸಹಿ ಮಾಡಿದೆ. ನಾಲ್ಕು ವರ್ಷದ ಮೇಲೆ ಅದೇ ಹೆಸರು ಮತ್ತೆ ಬಂತು. ಹೃದಯದಲ್ಲಿ ಎರಡು ಸ್ಟೆಂಟು, ಮೂರು ಲಕ್ಷದ ಮೇಲೆ ಬಿಲ್ಲು. ಒಂದು ಪ್ರಶ್ನೆಯನ್ನೂ ಕೇಳದೆ ಅದನ್ನು ಮಂಜೂರು ಮಾಡಿದವನೂ ನಾನೇ. ಪಥ್ಯ ಮುಂದುವರಿದಿದ್ದರೆ ಸ್ಟೆಂಟು ಬೇಕಾಗುತ್ತಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೂ ಆ ಎರಡು ಕಾಗದಗಳನ್ನು ಅಂದು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸಮಾಧಾನವಾಗಲಿಲ್ಲ.

ಎದುರು ವಾದವೂ ಹಗುರವಲ್ಲ. ವಿಮೆಯ ಹಣವೆಂದರೆ ಎಲ್ಲರೂ ಕೂಡಿ ಹಾಕಿದ ಹುಂಡಿ. ಮಿತವಾಗಿ ಉಣ್ಣುವವಳು ಕಟ್ಟಿದ ಕಂತಿನಿಂದ ಅಮಿತವಾಗಿ ಉಣ್ಣುವವನಿಗೆ ಏಕೆ ಕೊಡಬೇಕು? ಮೇಲಾಗಿ, ಒಂದೇ ತಿಂಗಳಲ್ಲಿ ಹತ್ತು ಕಿಲೋ ಇಳಿಸುತ್ತೇವೆಂದು ಬೋರ್ಡು ಹಾಕಿ ಕೂತಿರುವ ಅಂಗಡಿಗಳಿಗೆ ಈ ಹುಂಡಿಯ ಬಾಯಿ ತೆರೆದರೆ ಮುಂದಿನ ವರ್ಷ ಎಲ್ಲರ ಕಂತೂ ಏರೀತು. ಈ ಎರಡನೆಯ ಭಯ ನನಗೂ ಇದೆ. ಮೊದಲನೆಯದನ್ನು ಒಪ್ಪುವುದಿಲ್ಲ, ಬೀಡಿ ಸೇದಿದವನ ಶ್ವಾಸಕೋಶಕ್ಕೆ ಕೊಡುವಾಗ ನಾವು ಅವನ ಶೀಲಪರೀಕ್ಷೆ ಮಾಡುವುದಿಲ್ಲವಲ್ಲ.

ಹಾಗಾದರೆ ಯಾವುದಕ್ಕೆ ಕೊಡಬೇಕು? ಇದಕ್ಕೆ ಉತ್ತರ ನಾವಿರುವ ಈ ಊರಿನಲ್ಲಿಯೇ ಸಿಕ್ಕಿದೆ. ಇಲ್ಲಿನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ, ಫಲವನ್ನು 2006ರಲ್ಲಿ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಜನಕ್ಕೆ ಮಧುಮೇಹ ಬಂತು. ಊಟ, ನಡಿಗೆಗಳ ಬಗ್ಗೆ ಮೇಲಿಂದ ಮೇಲೆ ಸಲಹೆ ಪಡೆದವರಲ್ಲಿ ಸುಮಾರು 39. ಆಶ್ಚರ್ಯವೇನೆಂದರೆ, ಇವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ರೋಗ ಹಿಂದೆ ಸರಿಯಿತು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ ತೂಕವೂ ಇಳಿದು, ಮಧುಮೇಹವು ನೂರಕ್ಕೆ 58ರಷ್ಟು ಕಡಿಮೆಯಾಗಿತ್ತು. ಅಲ್ಲಿನ ವೃದ್ಧರ ಸರ್ಕಾರಿ ವಿಮೆ 2018ರಿಂದ ಆ ಶಿಕ್ಷಣಕ್ಕೆ ಹಣ ಕೊಡುತ್ತಿದೆ.

ಆದುದರಿಂದ ಇಳಿದ ಕಿಲೋಗಳಿಗೆ ಹಣ ಕೊಡುವ ಪದ್ಧತಿ ಬೇಡವೆಂದು ನನ್ನ ಅಭಿಪ್ರಾಯ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಿ, ರಕ್ತದ ಸಕ್ಕರೆಯೂ ಏರುತ್ತಿದ್ದರೆ, ವೈದ್ಯರ ಚೀಟಿಯ ಮೇಲೆ ಒಂದು ವರ್ಷದ ಸಲಹೆಗೆ ಮುಕ್ಕಾಲು ಪಾಲು ವಿಮೆ ಕೊಡಲಿ, ಕಾಲು ಪಾಲು ಪಡೆಯುವವರು ಕೊಡಲಿ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳ ವಿಷಯ ತರುಣರು ಕೇಳುತ್ತಾರೆ. ಗುಣ ನಿಜ, ಬಿಟ್ಟರೆ ತೂಕ ಬಹುಪಾಲು ಮರಳುವುದೂ ನಿಜ. ಹುಂಡಿಯ ಮೊದಲ ರೂಪಾಯಿ ಅದಕ್ಕೆ ಹೋಗುವುದನ್ನು ನಾನು ಒಪ್ಪಲಾರೆ.

ಕಂಪನಿಗಳು ತಾವಾಗಿ ಇದನ್ನು ಮಾಡಲಾರವು. ಪಾಲಿಸಿಗಳು ಬಹುಮಟ್ಟಿಗೆ ವರ್ಷದ ಒಪ್ಪಂದಗಳು. 2011ರಿಂದ ಗ್ರಾಹಕರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗಲೂಬಹುದು. ಇಂದು ಪಥ್ಯಕ್ಕೆ ಕೊಟ್ಟವರಿಗೆ ಖರ್ಚು, ಹತ್ತು ವರ್ಷದ ಮೇಲೆ ಉಳಿತಾಯ ಇನ್ನಾರಿಗೋ. ಆದ್ದರಿಂದ ಪ್ರಾಧಿಕಾರವೇ ಎಲ್ಲರಿಗೂ ಒಟ್ಟಿಗೆ ವಿಧಿಸಬೇಕು. ಅಲ್ಲಿಯವರೆಗೆ ಒಂದು ದಾರಿಯುಂಟು. ನಮ್ಮಲ್ಲಿ ಅನೇಕರು ಕಚೇರಿಯ ಗುಂಪು ವಿಮೆಯಲ್ಲಿದ್ದೀರಿ. ಅದರ ಷರತ್ತುಗಳನ್ನು ಪ್ರತಿ ವರ್ಷ ನಿಮ್ಮ ಮಾಲೀಕರೂ ವಿಮೆಯವರೂ ಕೂತು ಮಾತಾಡಿ ಬರೆಯುತ್ತಾರೆ. ಈ ಸಲ ನವೀಕರಣಕ್ಕೆ ಎರಡು ತಿಂಗಳಿರುವಾಗಲೇ ನಾಲ್ಕು ಜನ ಸೇರಿ ಒಂದು ಅರ್ಜಿ ಕೊಡಿ. ಒಕ್ಕಣೆ ಬೇಕಾದವರಿಗೆ ನಾನು ಬರೆದುಕೊಡುತ್ತೇನೆ. ತಿರಸ್ಕಾರ ಪತ್ರಗಳನ್ನು ಬರೆದ ಕೈಗೆ ಅದು ಕಷ್ಟವಾಗಲಾರದು.