ಗಾಡಿಯ ರೋಗ, ಡ್ರೈವರನಿಗೆ ದಂಡ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಂಬಳ, ಬೋನಸ್ಸಿನ ಮಾತು ಬದಿಗಿಟ್ಟು ಒಂದು ಹಳೆಯ ಗಾಡಿಯ ಮಾತಾಡಲು ನಿಂತಿದ್ದೇವೆ. ನಗಬೇಡಿ. ಆ ಗಾಡಿಯ ದೆಸೆಯಿಂದ ನಮ್ಮವನೊಬ್ಬನ ಸಂಬಳ ಮೂರು ತಿಂಗಳು ಮುರಿಯಿತು. ನಾವು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಈ ಊರಿನ ಹೋಟೆಲಿನಲ್ಲಿ ಲೋಟ ತೊಳೆದವರು, ಮೆಕ್ಯಾನಿಕ್ಕರಲ್ಲ. ಆದರೂ ಕಂಡದ್ದನ್ನು ಅರಿಕೆ ಮಾಡುತ್ತೇವೆ.

ತಿರುವಲ್ಲಿಕೇಣಿಯಲ್ಲಿ ಒಂದು ಹೋಟೆಲು. ಅದಕ್ಕೊಂದು ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಪಿಕಪ್. ಕೊತ್ತವಾಲ್ ಚಾವಡಿಯ ತರಕಾರಿ ಮಂಡಿ 1996ರಲ್ಲಿ ಕೋಯಂಬೇಡಿಗೆ ಹೋಯಿತಷ್ಟೆ. ಬೆಳಗಿನ ಜಾವ ಮೂರಕ್ಕೆ ಗಾಡಿ ಅಲ್ಲಿಗೆ ಹೊರಡದಿದ್ದರೆ ಸಾಂಬಾರಿಗೆ ತರಕಾರಿಯಿಲ್ಲ, ಊಟಕ್ಕೆ ಬಾಳೆಲೆಯಿಲ್ಲ.

ಈ ಗಾಡಿ ಒಂದು ದಿನ ಕೀಲಿ ತಿರುವಿದೊಡನೆ ಹೊರಡುವುದು. ಇನ್ನೊಂದು ದಿನ ‘ಟಕ್’ ಎಂದು ಸುಮ್ಮನಾಗುವುದು. ಆಗ ಅಡಿಗೆಯವರೂ ಮಾಣಿಗಳೂ ನಿದ್ದೆಗಣ್ಣಿನಲ್ಲಿ ಎದ್ದು ಬಂದು ತಳ್ಳಬೇಕು. “ರಾತ್ರಿ ಲೈಟು ಆರಿಸದೆ ಬ್ಯಾಟರಿ ಹಾಳು ಮಾಡಿದೆ” ಎಂದು ಧಣಿಗಳು ಡ್ರೈವರನನ್ನು ಗದರಿ, ಹೊಸ ಬ್ಯಾಟರಿ ಹಾಕಿಸಿದರು. ಹನ್ನೆರಡು ದಿನ ಸರಿಹೋಯಿತು; ಮತ್ತೆ ಅದೇ ಕಥೆ. ಸೆಲ್ಫ್ ಮೋಟಾರು ಬಿಚ್ಚಿಸಿ ಬ್ರಷ್ ಹಾಕಿಸಿದರು, ಮತ್ತೆ ಅದೇ. ವರ್ಕ್‌ಶಾಪಿಗೆ ಒಯ್ದ ದಿನ ಮಾತ್ರ ಗಾಡಿ ಸಾಧು ಹಸು. ಕೊನೆಗೆ ಎಲ್ಲವೂ ಡ್ರೈವರನ ಅಜಾಗ್ರತೆಯೆಂದು ತೀರ್ಮಾನವಾಗಿ, ಬ್ಯಾಟರಿಯ 7,000 ರೂಪಾಯಿಗೆ ತಿಂಗಳಿಗೆ 1,000ದಂತೆ ಸಂಬಳದಲ್ಲಿ ಹಿಡಿಯತೊಡಗಿದರು.

ಆತ ಸಂಘಕ್ಕೆ ಬಂದ. “ನಾನು ಮಾಡಿದ ತಪ್ಪು ಯಾವುದೂಂತ ತೋರಿಸಿ ಅಣ್ಣ, ದುಡ್ಡು ಕೊಡ್ತೇನೆ” ಎಂದ. ನ್ಯಾಯವಾದ ಮಾತು.

ಆಗೊಮ್ಮೆ ಈಗೊಮ್ಮೆ ಬರುವ ರೋಗಕ್ಕೆ ಬಂದಾಗಲೇ ನಾಡಿ ಹಿಡಿಯಬೇಕು. ನಾವು ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆವು. ಗಾಡಿ ಕೈಕೊಟ್ಟಾಗ ಹೆಡ್‌ಲೈಟು ಹಾಕಿ ಕೀಲಿ ತಿರುವಬೇಕು. ದೀಪ ಏನಾಯಿತು, ಸದ್ದು ಏನು ಬಂತು, ಎಂಜಿನ್ ಬಿಸಿಯೋ ತಣ್ಣಗೋ, ಎಲ್ಲ ಬರೆಯಬೇಕು.

ಇದರ ಲೆಕ್ಕ ಸುಲಭ. ಕೀಲಿ ತಿರುವಿದಾಗ ದೀಪ ತೀರ ಮಂಕಾದರೆ ಮೊದಲು ಬ್ಯಾಟರಿಯನ್ನೂ ಅದರ ಟರ್ಮಿನಲ್ಲುಗಳನ್ನೂ ನೋಡತಕ್ಕದ್ದು. ದೀಪ ಪ್ರಕಾಶವಾಗಿದ್ದು ‘ಟಕ್’ ಎಂಬ ಸದ್ದೂ ಇಲ್ಲದಿದ್ದರೆ ಕೀಲಿಯ ಸ್ವಿಚ್ಚು, ರಿಲೇ, ಸಣ್ಣ ವೈರುಗಳ ಕಡೆ ನೋಡಬೇಕು. ದೀಪವೂ ಪ್ರಕಾಶ, ‘ಟಕ್’ ಸದ್ದೂ ಉಂಟು, ಎಂಜಿನ್ ಮಾತ್ರ ತಿರುಗದು ಎಂದರೆ, ಸೊಲೆನಾಯ್ಡಿನ ಒಳಗಣ ತಾಮ್ರದಲ್ಲೋ ದಪ್ಪ ಕೇಬಲಿನಲ್ಲೋ ಎಂಜಿನ್ನಿನ ಅರ್ತಿನಲ್ಲೋ ತಡೆಯಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಸೆಲ್ಫನ್ನು ಬಿಟ್ಟು ಡೀಸೆಲಿನ ದಾರಿಯನ್ನು ಹುಡುಕಬೇಕು.

ಒಂದು ತಿಂಗಳಲ್ಲಿ ಗಾಡಿ ಏಳು ಸಲ ಕೈಕೊಟ್ಟಿತು. ಏಳು ಸಲವೂ ದೀಪ ಪ್ರಕಾಶವಾಗಿತ್ತು. ‘ಟಕ್’ ಮಾತ್ರ ಕೇಳಿತು. ಕೀಲಿ ತೆಗೆದು, ಗೇರಿನಲ್ಲಿಟ್ಟು ಗಾಡಿಯನ್ನು ಹಿಂದೆ ಮುಂದೆ ಜಗ್ಗಿದರೆ ಕೆಲವು ಸಲ ಹೊರಟಿತು. ಎಂಜಿನ್ ಅಲುಗಿದಾಗ ಎಲ್ಲಿಯೋ ಬಿಟ್ಟ ಕೂಡಿಕೆ ಕೂಡಿಕೊಳ್ಳುತ್ತಿದೆ ಎಂದು ಅಲ್ಲಿಗೆ ತಿಳಿಯಿತು.

ಎಂಟನೆಯ ಸಲಕ್ಕೆ ನಾವು ಮೀಟರ್ ಹಿಡಿದು ಹೋದೆವು. ಗಾಡಿ ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್‌ಬ್ರೇಕ್ ಬಿಗಿ. ಬ್ಯಾಟರಿಯಲ್ಲಿ 12.6 ವೋಲ್ಟ್, ಅಂದರೆ ತುಂಬಿದ ಬ್ಯಾಟರಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು ಕೀಲಿ ತಿರುವಿಸಿದೆವು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ನಾಲ್ಕಕ್ಕೂ ಮೇಲೆ ಕಂಡಿತು! ಸೆಲ್ಫು ಎಳೆಯುವುದು ನೂರಾರು ಆಂಪಿಯರ್. 200 ಆಂಪಿಯರಿನ ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಎರಡು ಪಾಲು ತಡೆಯಿದ್ದರೂ 4 ವೋಲ್ಟ್ ಅಲ್ಲಿಯೇ ಕರಗುತ್ತದೆ. ದೀಪಕ್ಕೆ ಬೇಕಾದ್ದು ಕೆಲವೇ ಆಂಪಿಯರ್, ಅದರ ಅರ್ತೂ ಬೇರೆ ಕಡೆ. ಆದ್ದರಿಂದ ಅದು ಮಂಕಾಗಲಿಲ್ಲ.

ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿಗೆ ನೇರವಾಗಿ ಒಂದು ದಪ್ಪ ಕೇಬಲ್ ಹಿಡಿಸಿದೆವು. ತಕ್ಷಣ ಹೊರಟಿತು. ತೆಗೆದೆವು, ‘ಟಕ್’. ಹಿಡಿಸಿದೆವು, ಹೊರಟಿತು. ಎಂಜಿನ್ನಿಗೂ ಚಾಸಿಗೂ ನಡುವಣ ಅರ್ತ್ ಪಟ್ಟಿಯನ್ನು ಬಿಚ್ಚಿ ನೋಡಿದರೆ ಮೇಲೆ ಚೆಂದ. ಬೋಲ್ಟಿನ ಕೆಳಗೆ ಹಸಿರು ಕಿಲುಬು, ಎಳೆಗಳು ಬಹುಪಾಲು ತುಂಡು. ಸಮುದ್ರದ ಉಪ್ಪುಗಾಳಿ ತಿಂದದ್ದು. ಬ್ಯಾಟರಿಯ ಮೈನಸ್ ಮೊದಲು ಕಳಚಿ, ಬೋಲ್ಟಿನ ಜಾಗವನ್ನು ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು ಗ್ರೀಸ್ ಬಳಿದೆವು. ಖರ್ಚು 250 ರೂಪಾಯಿ. ಈಗ ಐದು ತಿಂಗಳಾಯಿತು, ಯಾರೂ ತಳ್ಳಿಲ್ಲ.

ನೋಟ್‌ಬುಕ್ಕನ್ನೂ ಆ ಹಳೆಯ ಪಟ್ಟಿಯನ್ನೂ ಧಣಿಗಳ ಮೇಜಿನ ಮೇಲಿಟ್ಟೆವು. ನಷ್ಟಕ್ಕೆಂದು ಸಂಬಳ ಹಿಡಿಯುವ ಮೊದಲು ನೌಕರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು, ಅವನ ಅಜಾಗ್ರತೆಯಿಂದಾದ ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು ಎಂದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲಿಯೂ ಇದೆ. ಇದನ್ನು ವಿನಯದಿಂದಲೇ ಓದಿ ಹೇಳಿದೆವು. ಅವರೂ ಕೆಟ್ಟವರಲ್ಲ, ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿಡಿದ 3,000 ರೂಪಾಯಿ ಎರಡು ಕಂತಿನಲ್ಲಿ ವಾಪಸಾಯಿತು.

ಸೋದರರೇ, ಗಾಡಿಯಾಗಲಿ, ಗ್ರೈಂಡರಾಗಲಿ, ಕೆಟ್ಟಾಗ ಮೊದಲು ಕೈಗೆ ಸಿಗುವವನು ಕೆಲಸದವನು. ತಪ್ಪು ಒಪ್ಪುವ ಮೊದಲು, ತಪ್ಪಿಲ್ಲವೆಂದು ಕೂಗುವ ಮೊದಲೂ, ಬರೆದಿಡಿ. ಸಂಘದ ಕಚೇರಿಯಲ್ಲಿ ಒಂದು ಮೀಟರ್ ಇಟ್ಟಿದ್ದೇವೆ. ಹೆಸರು ಬರೆಸಿ ಒಯ್ಯಿರಿ. ಮರುದಿನ ತಂದಿಡಲು ಮರೆಯಬೇಡಿ.