ಬಿಲ ತೋಡುವ ಜೀವಿಗಳು ಮತ್ತು ಕಡಲ ತಳದ ಮಣ್ಣು



ಎರೆಹುಳು ಹೊಲದ ಮಣ್ಣನ್ನು ಸಡಿಲಗೊಳಿಸುತ್ತದೆ ಎಂಬುದನ್ನು ಸೊಲ್ಲಾಪುರದ ಮಗುವೂ ತಾಳವಾಡಿಯ ಮಗುವೂ ಬಲ್ಲದು. ಈ ಅಲ್ಪಜೀವಿಯ ಕಾರ್ಯವನ್ನು ಕುರಿತು ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅಂಥದೇ ಉಳುಮೆ ಕಡಲ ತಳದಲ್ಲಿಯೂ ನಡೆಯುತ್ತಿದೆ. ಹುಳುಗಳು, ಏಡಿಗಳು, ಸಿಗಡಿಗಳು, ಚಿಪ್ಪುಜೀವಿಗಳು ಅಲ್ಲಿ ಬಿಲ ತೋಡಿ, ಹೂಳಿನ ಬಿಗಿತವನ್ನೂ ಅದರೊಳಗಿನ ನೀರಿನ ಅಂಶವನ್ನೂ ಬದಲಿಸುತ್ತವೆ.

ಯುರೋಪಿನ ಉತ್ತರ ಸಮುದ್ರದ ತೀರದಲ್ಲಿ ಅರೆನಿಕೋಲ ಎಂಬ ಹುಳುವಿದೆ. ಮರಳಿನಲ್ಲಿ 20ರಿಂದ 40 ಸೆಂಟಿಮೀಟರ್ ಆಳದಲ್ಲಿ ವಾಸಿಸುವ ಇದು ಮರಳನ್ನು ನುಂಗಿ, ಆಹಾರಾಂಶವನ್ನು ಹೀರಿಕೊಂಡು, ಉಳಿದುದನ್ನು ಮೇಲೆ ಸುರುಳಿಯಾಗಿ ಹೊರಹಾಕುತ್ತದೆ. ಉಸಿರಾಟಕ್ಕಾಗಿ ಅದು ಬಿಲದೊಳಕ್ಕೆ ಹಾಯಿಸುವ ನೀರಿನೊಡನೆ ಆಮ್ಲಜನಕವೂ ಆಳಕ್ಕಿಳಿಯುತ್ತದೆ. ಜರ್ಮನಿಯ ಸಿಲ್ಟ್ ದ್ವೀಪದಲ್ಲಿ ವಿಜ್ಞಾನಿಗಳು ಮರಳಿನಡಿ ಸಣ್ಣ ಕಣ್ಣಿನ ಬಲೆ ಹಾಸಿ, ಈ ಹುಳು ನೆಲೆಸದಂತೆ ತಡೆದು ನೋಡಿದರು. ಅಂಥ ಕಡೆ ನುಣುಪಾದ ಕಣಗಳು ಸೇರಿಕೊಂಡು ಮರಳಿನ ಸಂದುಗಳು ಮುಚ್ಚಿದವು. ನೀರು ಹಾಯುವ ಗುಣ ಕುಗ್ಗಿತು. ಹುಳುವೊಂದು ಇಲ್ಲವಾದರೆ ನೆಲದ ಗುಣವೇ ಬದಲಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಬಿಲ ತೋಡುವುದೆಂದರೆ ಸಡಿಲಿಸುವುದೆಂದೇ ಅರ್ಥವಲ್ಲ. ಕೆಲವು ಹುಳುಗಳು ಬಿಲದ ಗೋಡೆಗೆ ಲೋಳೆ ಬಳಿದು ಕಣಗಳನ್ನು ಬೆಸೆಯುತ್ತವೆ. ಆದುದರಿಂದ ಒಂದೇ ತೀರದಲ್ಲಿ ಒಂದು ಜೀವಿ ಕೆಸರನ್ನು ಅಲೆಯ ಪಾಲು ಮಾಡಿದರೆ, ಮತ್ತೊಂದು ಅದನ್ನು ಹಿಡಿದು ನಿಲ್ಲಿಸುತ್ತದೆ.

ಇಷ್ಟು ಮೃದುವಾದ ಹುಳು ಬಿಗಿಯಾದ ಕೆಸರನ್ನು ಹೇಗೆ ಹೊಕ್ಕೀತು? 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರ ನೀಡಿತು. ನೆರೀಸ್ ಎಂಬ ಹುಳು ಕೆಸರನ್ನು ಅಗೆಯುವುದಿಲ್ಲ. ಗಂಟಲನ್ನು ಹೊರಚಾಚಿ ಪಕ್ಕಗಳನ್ನು ಒತ್ತಿ, ಮುಂದೆ ಬಿರುಕು ಮೂಡಿಸಿ ಸಾಗುತ್ತದೆ. ಗಟ್ಟಿಯಾದ ಜೆಲ್ಲಿಯೊಳಗೆ ಚಾಕುವನ್ನು ಸ್ವಲ್ಪ ತೂರಿಸಿ ಪಕ್ಕಕ್ಕೆ ಒತ್ತಿದರೆ, ಅದರ ತುದಿಯಿಂದ ಮುಂದಕ್ಕೆ ಸೀಳು ಹರಿಯುವುದನ್ನು ಮಕ್ಕಳೇ ಕಾಣಬಹುದು.

ತರಗತಿಯಲ್ಲಿ ಮತ್ತೊಂದು ಪ್ರಯೋಗವೂ ಸುಲಭಸಾಧ್ಯ. ತಳ ಕತ್ತರಿಸಿದ ಎರಡು ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ, ಅಡಿಯಲ್ಲಿ ಮರಳನ್ನೂ ಮೇಲೆ ಒದ್ದೆ ಜೇಡಿಮಣ್ಣನ್ನೂ ತುಂಬಬೇಕು. ಒಂದರ ಜೇಡಿಮಣ್ಣಿನಲ್ಲಿ ಮಾತ್ರ ತೆಂಗಿನ ಗರಿಯ ಕಡ್ಡಿಯಿಂದ ಮರಳು ಮುಟ್ಟುವವರೆಗೆ ರಂಧ್ರಗಳನ್ನು ಮಾಡಿ, ಎರಡಕ್ಕೂ ಸಮನಾಗಿ ನೀರೆರೆಯಬೇಕು. ಯಾವುದರಿಂದ ನೀರು ಬೇಗ ಇಳಿಯಿತೆಂಬುದನ್ನು ಮಕ್ಕಳು ಅಳೆದು ಬರೆಯಲಿ. ಮಂಜೇಶ್ವರ, ಕುಂಬಳೆಗಳ ಮಕ್ಕಳಿಗೆ ಕಡಲ ದಂಡೆಯ ಏಡಿಯ ಬಿಲಗಳೇ ಪಾಠವಾಗಲಿ. ಜೀವಿಗಳನ್ನು ಹಿಡಿಯದೆ, ಬಿಲಗಳನ್ನು ಕೆಡಿಸದೆ ನೋಡುವುದೂ ಆ ಪಾಠದ ಭಾಗವೇ. ಕಂಡದ್ದನ್ನು ಮಗು ಮೊದಲು ತನ್ನ ಕನ್ನಡದಲ್ಲಿ ಹೇಳಲಿ. ಪರಿಭಾಷೆ ಅನಂತರ ಬರಲಿ.